ಅಳುವ ದೃಶ್ಯದ ಬಗ್ಗೆ ಸುಲ್ಮಾ ಹೇಳದೆ ಬಿಟ್ಟದ್ದು

ನಮ್ಮೂರು ಕೆಬ್ರಾಚೋ ಸೋಲೋದಲ್ಲಿ ಒಂದು ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಎಂಬ ವ್ಯಾಜ್ಯ ಶುಕ್ರವಾರ ಮಧ್ಯಾಹ್ನದವರೆಗೂ ಇತ್ಯರ್ಥವಾಗದೆ ಉಳಿಯುತ್ತದೆ. ಆ ಹೊತ್ತಿಗೆ ಗುಂಡಿ, ದಾರ, ಲೇಸು ಮಾರುವ ಸುಲ್ಮಾ ಲುದುವೇನ್ಯಾ ತನ್ನ ಅಂಗಡಿಗೆ ಬೀಗ ಹಾಕಿ, ಬಿಸಿನೀರಿನ ಫ್ಲಾಸ್ಕನ್ನು ಕಂಕುಳಲ್ಲಿ ಇರುಕಿಕೊಂಡು, ಚೌಕ ದಾಟಿ ನಮ್ಮ ಬಾನುಲಿ ಕೇಂದ್ರದ ಮೆಟ್ಟಿಲು ಹತ್ತುತ್ತಾಳೆ. ಬಾನುಲಿ ಕೇಂದ್ರವೆಂದರೆ ಔಷಧಿ ಅಂಗಡಿಯ ಮಾಳಿಗೆಯ ಮೇಲಿನ ಒಂದು ಕೋಣೆ, ಎರಡು ಮೈಕು, ಒಂದು ಕಿಟಕಿ. ಉಳಿದ ದಿನಗಳಲ್ಲಿ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಪಾಠ ಮಾಡುವ ನಾನು ಶುಕ್ರವಾರ ಅಲ್ಲಿ ಗುಬುಟು ತಿರುಗಿಸಲು ಕೂರುತ್ತೇನೆ. ಅವಳು ಮಾತಾಡುತ್ತಾಳೆ, ಊರು ಊಟ ಮಾಡುತ್ತ ಕೇಳುತ್ತದೆ, ಆಮೇಲೆ ಎಲ್ಲರೂ ಮಧ್ಯಾಹ್ನದ ನಿದ್ದೆಗೆ ಹೋಗುತ್ತಾರೆ. ಎದ್ದು ಬಂದವರ ಬಾಯಲ್ಲಿ ಅವಳ ತೀರ್ಪೇ ಅವರವರ ಸ್ವಂತ ಅಭಿಪ್ರಾಯವಾಗಿ ತಿರುಗಿಕೊಂಡಿರುತ್ತದೆ.

ಸಿನಿಮಾ ತೂಗುವುದನ್ನು ಅವಳು ಕಲಿತದ್ದು ಪರದೆಗೆ ಬೆನ್ನು ಹಾಕಿ. ಮದುವೆಗೆ ಮುಂಚೆ ಊರಿನ ಚಿತ್ರಮಂದಿರದಲ್ಲಿ ಟಾರ್ಚು ಹಿಡಿದು ಜನರನ್ನು ಕುರ್ಚಿಗೆ ಕರೆದೊಯ್ಯುವ ಕೆಲಸ ಅವಳದು. ಸಾಲುಗಳ ಮುಂದೆ ನಿಂತು ಅವಳು ನೋಡುತ್ತಿದ್ದದ್ದು ಮುಖಗಳನ್ನು. ಯಾರು ಎಲ್ಲಿ ಕೆಮ್ಮುತ್ತಾರೆ, ಯಾರ ಕೈ ಮಿಠಾಯಿ ಪೊಟ್ಟಣದೊಳಗೆ ಹೋಗಿ ಅಲ್ಲೇ ಮರೆತು ನಿಲ್ಲುತ್ತದೆ, ಗಂಡನಿಗಿಂತ ಮುಂಚೆ ಹೆಂಡತಿ ನಕ್ಕರೆ ಗಂಡ ಅವಳ ಕಡೆ ಹೇಗೆ ತಿರುಗುತ್ತಾನೆ, ಇವೆಲ್ಲ ಅವಳ ಪಾಠಗಳು. ಅಳತೆಗೋಲು ಮಾತ್ರ ಇಡೀ ಊರಿಗೆ ಗೊತ್ತಿರುವಂಥದು: ಮಾಟೆ. ಸೋರೆಬುರುಡೆಗೆ ಎಲೆಪುಡಿ ತುಂಬಿ, ಬಿಸಿನೀರು ಹನಿಸಿ, ಲೋಹದ ಕೊಳವೆಯಲ್ಲಿ ಹೀರಿ, ಮತ್ತೆ ತುಂಬಿ ಪಕ್ಕದವರಿಗೆ ಕೊಡುವ ಕಷಾಯ. ಮೊದಲ ಗುಟುಕು ಕಹಿ, ನಡುವಿನವು ಅಮೃತ, ಆಮೇಲೆ ಎಲೆಯ ಸಾರವೆಲ್ಲ ತೊಳೆದುಹೋಗಿ ಬರಿಯ ಬಿಸಿನೀರು. "ಈ ಸಿನಿಮಾ ಎರಡೇ ಮಾಟೆಗೆ ಸಪ್ಪೆಯಾಯ್ತು" ಎಂದು ಅವಳಂದರೆ ಮುಗಿಯಿತು, ಶನಿವಾರದ ಆಟಕ್ಕೆ ಕುರ್ಚಿಗಳು ಖಾಲಿ. ಕೊನೆಗೆ ಚಿತ್ರದ ಅತ್ಯುತ್ತಮ ದೃಶ್ಯ ಯಾವುದೆಂದು ಹೇಳಿ, ಅದನ್ನು ಬಿಡಿಸಿ ವರ್ಣಿಸಿ, ನಂತರ ಕೇಳುಗರ ಕರೆಗಳಿಗೆ ದೂರವಾಣಿ ತೆರೆಯುವುದು ರೂಢಿ. ಕೆಟ್ಟ ಚಿತ್ರಕ್ಕೂ ಅವಳು ಒಂದು ಅತ್ಯುತ್ತಮ ದೃಶ್ಯವನ್ನು ಹುಡುಕಿ ಕೊಡುತ್ತಿದ್ದಳು. ಈ ರೂಢಿಯನ್ನು ಅವಳು ಒಮ್ಮೆಯೂ ತಪ್ಪಿಸಿರಲಿಲ್ಲ. ಆ ವಾರದ ತನಕ.

ಅವಳ ಅಣ್ಣ ಡೆಲ್ಫೋರ್, ಚೌಕದ ಆಚೆ ಮಗ್ಗುಲಿನ ಬ್ರೆಡ್ಡಿನ ಒಲೆಯವನು. ನಮ್ಮೂರು ಬದುಕುವುದು ಹೊರಗ್ರಹದವರಿಂದ ಎಂದರೆ ಉತ್ಪ್ರೇಕ್ಷೆಯಲ್ಲ. ಹಸಿರು ತಲೆಯ ಕೀಲಿಗೊಂಚಲು, ಹಾರುವ ತಟ್ಟೆಯಾಕಾರದ ಚೀಸು, ಬೆಟ್ಟದ ತಪ್ಪಲಲ್ಲಿ ಕಂಬಳಿ ಹೊದ್ದು ಆಕಾಶ ನೋಡಲು ಬರುವ ರಾಜಧಾನಿಯ ಜನ. ಇವೆಲ್ಲದರ ಬೇರು ಡೆಲ್ಫೋರ್ ಕಂಡದ್ದರಲ್ಲಿದೆ. ಆದರೆ ಅವನು ಕಂಡದ್ದು ಬಹಳ ಕಡಿಮೆ. ಯುವಕನಾಗಿದ್ದಾಗ ಒಂದು ಚಳಿಗಾಲದ ಬೆಳಗಿನ ಜಾವ ಬ್ರೆಡ್ಡು ಹಂಚಲು ಗಾಡಿಯಲ್ಲಿ ಹೊರಟಿದ್ದ. ಬೆಟ್ಟದ ನೆತ್ತಿಯ ಮೇಲೆ ಒಂದು ಬೆಳಕು ಚಲಿಸುತ್ತಿತ್ತು. ಬೆಳಕು ನಿಂತಿತು. ಗಾಡಿಯ ಎಂಜಿನ್ನೂ ನಿಂತಿತು. ಬೆಳಕು ಹೋಯಿತು. ಗಾಡಿ ಹೊರಟಿತು. "ಅಷ್ಟೇ, ಇನ್ನೇನಿಲ್ಲ" ಎಂದು ಅವನು ಮುಗಿಸುತ್ತಾನೆ, ಎಡಗಿವಿಯ ತುದಿಯನ್ನು ಉಜ್ಜುತ್ತ.

ನಾನು ಇಂಥ ವರದಿಗಳನ್ನು ನಂಬುವವನಲ್ಲ. ಶುಕ್ರಗ್ರಹವಿರಬಹುದು, ಉಪಗ್ರಹವೊಂದು ಉರಿದು ಬಿದ್ದಿರಬಹುದು. ಎಂಜಿನ್ನು ಚಳಿಗೆ ನಿಂತಿರಬಹುದು. ಇದನ್ನು ಎಲ್ಲರಿಗೂ ಹೇಳಿ ಹೇಳಿ, ಅಡ್ಡಹೆಸರಿಡುವುದನ್ನೇ ಕಸುಬು ಮಾಡಿಕೊಂಡ ಈ ಊರಿನಲ್ಲಿ 'ಶುಕ್ರ' ಎಂಬ ಹೆಸರು ಗಳಿಸಿಕೊಂಡಿದ್ದೇನೆ. ಡೆಲ್ಫೋರನಿಗೂ ಹೇಳಿದ್ದೆ. "ಇರಬಹುದು ಮೇಷ್ಟ್ರೇ. ಶುಕ್ರ ಅಂತಲೇ ಇಟ್ಕೊಳ್ಳಿ. ನಾನು ಕಂಡಿದ್ದು ನಿಂತ್ಕೊಂಡ್ತು" ಎಂದಿದ್ದ. ನನಗೆ ಅವನಲ್ಲಿ ಗೌರವ ಹುಟ್ಟಿದ್ದು ಆಗಲೇ. ನೆನಪು ಎಂಬುದು ಪ್ರತಿ ಸಲ ತೆಗೆದಾಗಲೂ ಒಂದಿಷ್ಟು ತಿದ್ದುಪಡಿಗೊಂಡೇ ಒಳಕ್ಕೆ ಹೋಗುತ್ತದೆ ಎನ್ನುತ್ತಾರೆ ಅದನ್ನು ಅಭ್ಯಾಸ ಮಾಡಿದವರು. ಊರಿನವರ ಬಾಯಲ್ಲಿ ಆ ಬೆಳಕಿಗೆ ಕಿಟಕಿ ಬಂದವು, ಏಣಿ ಬಂತು, ಏಣಿ ಇಳಿದವರು ಬಂದರು. ಕಂಡವನ ಬಾಯಲ್ಲಿ ಮಾತ್ರ ಅದು ಬೆಳಕಾಗಿಯೇ ಉಳಿದಿತ್ತು.

ಅವನನ್ನು ಅಣಕಿಸುವುದರಲ್ಲಿ ಸುಲ್ಮಾಳನ್ನು ಮೀರಿಸಿದವರಿಲ್ಲ. ಭಾನುವಾರ ಮಾಂಸ ಸುಡುವ ಕೆಂಡದ ಸುತ್ತ ನೆಂಟರಿಷ್ಟರು ಸೇರಿದಾಗ ಮನೆಯವರೊಬ್ಬರನ್ನು ಅವರ ಕಣ್ಣೆದುರಿಗೇ ಅಣಕಿಸಿ ತೋರಿಸುವುದು ನಮ್ಮಲ್ಲಿ ಪ್ರೀತಿಯ ಲಕ್ಷಣ. ಯಾರನ್ನೂ ಅಣಕಿಸದ ಮನೆಯಲ್ಲಿ ಏನೋ ಜಗಳವಿದೆ ಎಂದು ತಿಳಿಯುತ್ತೇವೆ. ಅವಳು ಕಿವಿ ಉಜ್ಜಿ, ಕತ್ತು ಚಾಚಿ, ಆಕಾಶ ನೋಡಿ "ಅಷ್ಟೇ, ಇನ್ನೇನಿಲ್ಲ" ಎಂದರೆ ಡೆಲ್ಫೋರನೂ ಪಕ್ಕೆ ಹಿಡಿದು ನಗುತ್ತಿದ್ದ. "ಸಾಕು ಗಿಡ್ಡಿ, ನನಗಿಂತ ನೀನೇ ಚೆನ್ನಾಗಿ ನಾನಾಗ್ತೀಯ" ಎನ್ನುತ್ತಿದ್ದ. ಅವಳು ಅವನಿಗೆ ಗಿಡ್ಡಿ. ಅವನು ಅವಳಿಗೆ ಕರಿಯ.

ಹೀಗಿರುವಾಗ ಸಿನಿಮಾದವರು ಬಂದರು. ದೇಶದಲ್ಲೇ ಅತಿ ದುಬಾರಿಯದೆಂದು ಪತ್ರಿಕೆಗಳು ಬರೆದ ಚಿತ್ರ. ಹೆಸರು 'ನೆಂಟರು ಇಳಿದರು'. ಹೊರಗ್ರಹದ ನಿಯೋಗವೊಂದು ಬೆಟ್ಟದ ಊರಿಗೆ ಬಂದಿಳಿಯುವ ವೈಜ್ಞಾನಿಕ ಪ್ರಹಸನ. ಟ್ರಕ್ಕುಗಳ ಸಾಲು ನೋಡಿಯೇ ಊರಿನ ಅರ್ಧ ಜನ ಅದು ಒಳ್ಳೆಯ ಚಿತ್ರವೆಂದು ನಿರ್ಧರಿಸಿಬಿಟ್ಟರು. ಬೇಕರಿಯವನ ಪಾತ್ರ ಮಾಡುವ ನಟ ರಾಜಧಾನಿಯಿಂದ ಬಂದಿದ್ದ. ವಿನಯದ ಮನುಷ್ಯ. ಒಂದು ಭಾನುವಾರ ಮಧ್ಯಾಹ್ನ ಅವನನ್ನು ಸುಲ್ಮಾ ತನ್ನ ಹಿತ್ತಿಲಿಗೆ ಊಟಕ್ಕೆ ಕರೆದಳು. ಅತಿಥಿಯ ಗೌರವಾರ್ಥ ಅಣ್ಣನನ್ನು ಅಣಕಿಸಿದಳು. ಅಂದು ಡೆಲ್ಫೋರ್ ಬೇಗ ಎದ್ದು ಒಲೆಗೆ ಸೌದೆ ಹಾಕಲು ಹೋಗಿದ್ದ. ನಾನೂ ಬೇರೊಂದು ಊರಿನಲ್ಲಿದ್ದೆ. ಆ ಹಿತ್ತಿಲಲ್ಲಿ ಆಮೇಲೆ ನಡೆದದ್ದು ನನಗೆ ತಿಳಿದದ್ದು ಬಹಳ ತಡವಾಗಿ.

ಮೊದಲ ಪ್ರದರ್ಶನ ನಮ್ಮ ಚಿತ್ರಮಂದಿರದಲ್ಲೇ ನಡೆಯಿತು. ಅಣ್ಣ ತಂಗಿ ಅಕ್ಕಪಕ್ಕ ಕುಳಿತಿದ್ದರು. ಅವರ ಹಿಂದಿನ ಸಾಲಿನಲ್ಲಿ ನಾನು. ಚಿತ್ರದ ನಡುವೆ ಒಂದು ದೃಶ್ಯ ಬಂತು. ಬೇಕರಿಯವನ ಗಾಡಿ ನಿಂತಿದೆ. ಮುಂದೆ ಬೆಳಕು, ಬೆಳಕಿನೊಳಗಿಂದ ಇಳಿದ ನಿಯೋಗ. ಅವನು ಗಾಡಿಯ ಚಕ್ರ ತಬ್ಬಿಕೊಂಡು "ಅಮ್ಮಾ" ಎಂದು ಅಳುತ್ತಾನೆ. ಕಣ್ಣೀರು ಎಂದರೇನೆಂದು ತಿಳಿಯದ ನಿಯೋಗದವರು ಇದೇ ಈ ಗ್ರಹದ ನಮಸ್ಕಾರವಿರಬೇಕೆಂದು ಭಾವಿಸುತ್ತಾರೆ. ಒಂದು ಹನಿಯನ್ನು ಬೆಳ್ಳಿಯ ಬಟ್ಟಲಲ್ಲಿ ಹಿಡಿದು ಕೈಯಿಂದ ಕೈಗೆ ದಾಟಿಸುತ್ತಾರೆ. ಆಮೇಲೆ ಪ್ರತಿವಂದನೆ ಮಾಡಲೇಬೇಕಲ್ಲ. ಒಬ್ಬೊಬ್ಬರೂ ತಮ್ಮ ಮೂರು ಮೂರು ಕಣ್ಣುಗಳನ್ನು ಹಿಂಡಿಕೊಳ್ಳಲು ಹೆಣಗುತ್ತಾರೆ. ಚಿತ್ರಮಂದಿರ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಎತ್ತರದಲ್ಲಿ ಕೇಳಿದ್ದು ಸುಲ್ಮಾಳ ನಗೆ, ಊರೆಲ್ಲ ಬಲ್ಲ ನಗೆ, ಹಳೆಯ ಗೇಟು ತೆರೆದ ಹಾಗೆ ಕಿರುಗುಟ್ಟುವುದು. ಅದು ನಡುವಿನಲ್ಲೇ ಕಡಿದುಹೋಯಿತು. ಅವಳು ಪಕ್ಕಕ್ಕೆ ತಿರುಗಿದಳು. ಡೆಲ್ಫೋರ್ ಮಂಡಿಯ ಮೇಲೆ ಎರಡೂ ಕೈಯಿಟ್ಟು ಪರದೆಯನ್ನೇ ನೋಡುತ್ತಿದ್ದ. ಕೊನೆಯಲ್ಲಿ ಎಲ್ಲರೊಡನೆ ಎದ್ದು ಚಪ್ಪಾಳೆಯನ್ನೂ ತಟ್ಟಿದ.

ಮಂಗಳವಾರ ನಾನು ಕೋಟಿನ ಗುಂಡಿಗೆಂದು ಅವಳ ಅಂಗಡಿಗೆ ಹೋದಾಗ ಅವಳು ಲೇಸಿನ ಸುರುಳಿಗಳನ್ನು ಒಂದು ಗೂಡಿನಿಂದ ತೆಗೆದು ಇನ್ನೊಂದರಲ್ಲಿ ಇಡುತ್ತಿದ್ದಳು. ಇಟ್ಟದ್ದನ್ನು ಮತ್ತೆ ತೆಗೆಯುತ್ತಿದ್ದಳು.

"ಮೇಷ್ಟ್ರೇ, ಸಿನಿಮಾ ಹೇಗಿತ್ತು ಹೇಳಿ."

"ತೀರ್ಪು ಕೊಡೋರು ನೀವು. ನನ್ನನ್ನ ಕೇಳ್ತೀರಲ್ಲ ದೋನ್ಯಾ ಸುಲ್ಮಾ" ಎಂದೆ. ದೋನ್ಯಾ ಎಂದರೆ ನಮ್ಮಲ್ಲಿ ಅಮ್ಮಾವ್ರೇ ಎಂದ ಹಾಗೆ.

"ಕೆಟ್ಟದ್ದು ಅಂತ ಹೇಳಿ. ವಿಜ್ಞಾನ ಓದಿದೋರು, ಏನಾದ್ರೂ ತಪ್ಪು ಹುಡುಕಿ ಕೊಡಿ."

"ತಪ್ಪು ಬೇಕಾದಷ್ಟಿದೆ. ಅಷ್ಟು ದೊಡ್ಡ ನಕ್ಷತ್ರಹಡಗು ಅಷ್ಟು ನಿಧಾನಕ್ಕೆ ಇಳಿದ್ರೆ ಕೆಳಗಿನ ಊರು ಹುರಿದ ಕಡಲೆ ಆಗ್ಬೇಕು. ಆದ್ರೆ ಅದರಿಂದ ನಗೆ ಕಮ್ಮಿ ಆಗಲ್ಲ."

"ಅದೇ ಕಷ್ಟ" ಎಂದು ಅವಳು ಸ್ಟೂಲಿನ ಮೇಲೆ ಕುಳಿತಳು. ಕುಳಿತವಳು ಮತ್ತೆ ಎದ್ದಳು. "ನಿನ್ನೆ ಬೆಳಿಗ್ಗೆ ಕರಿಯ 'ಗ್ರಾಸಿಯಾಸ್' ಅಂದ."

ಬೇರೆಡೆಯವರಿಗೆ ಇದರಲ್ಲಿ ಏನಿದೆ ಎನಿಸಬಹುದು. ಗ್ರಾಸಿಯಾಸ್ ಎಂದರೆ ಧನ್ಯವಾದವಷ್ಟೆ. ಆದರೆ ಮಾಟೆಯ ಬುರುಡೆ ಹಿಂದಿರುಗಿಸುವಾಗ ಯಾರೂ ಧನ್ಯವಾದ ಹೇಳುವುದಿಲ್ಲ. ಹೇಳಿದರೆ 'ಸಾಕು, ನನಗೆ ಇನ್ನು ಕೊಡಬೇಡ' ಎಂದೇ ಅರ್ಥ. ಮೊದಲ ಬ್ರೆಡ್ಡು ಒಲೆಯಿಂದ ಹೊರಬಂದ ಮೇಲೆ ಅಣ್ಣ ತಂಗಿ ಬೇಕರಿಯ ಹಿಂಭಾಗದಲ್ಲಿ ಕುಳಿತು ನೀರು ತಣಿಯುವವರೆಗೂ ಮಾಟೆ ಹಂಚಿಕೊಳ್ಳುವುದು ಅವರ ತಂದೆಯ ಕಾಲದಿಂದ ನಡೆದುಬಂದದ್ದು. ಅವನು ಒಂದೇ ಒಂದು ಬುರುಡೆ ಕುಡಿದು, ಗ್ರಾಸಿಯಾಸ್ ಎಂದು ಎದ್ದು ಹೋಗಿದ್ದ. ಮಂಗಳವಾರ ಬೆಳಿಗ್ಗೆ ಅವಳು ಹೋದಾಗ ಹಿಂಬಾಗಿಲು ಹಾಕಿತ್ತು.

"ನಿಮ್ಮನ್ನ ನೋಡಿ ನಟ ಕಲಿತುಕೊಂಡ ಅಂತ ಬೇಜಾರಿರಬೇಕು" ಎಂದೆ. ನಾನೂ ಗಮನಿಸಿದ್ದೆ. ಪರದೆಯ ಬೇಕರಿಯವನು ಡೆಲ್ಫೋರನ ಹಾಗಿರಲಿಲ್ಲ. ಡೆಲ್ಫೋರನನ್ನು ಅಣಕಿಸುವ ಸುಲ್ಮಾಳ ಹಾಗಿದ್ದ. ಅವಳು ಎಲ್ಲಿ ಕತ್ತನ್ನು ಒಂದಿಷ್ಟು ಹೆಚ್ಚು ಚಾಚುತ್ತಿದ್ದಳೋ ಅಲ್ಲೇ ಅವನೂ ಚಾಚಿದ್ದ.

"ಕಿವಿ ಉಜ್ಜಿದ್ದಕ್ಕೆ ಅವನು ಬೇಜಾರು ಮಾಡ್ಕೊಳಲ್ಲ." ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಇದನ್ನ ನಿಮಗೆ ಹೇಳ್ತಿರೋದೂ ತಪ್ಪೇ. ಆದ್ರೆ ಯಾರಿಗಾದ್ರೂ ಹೇಳ್ದೇ ಇದ್ರೆ ಶುಕ್ರವಾರ ಮೈಕಲ್ಲಿ ಹೇಳಿಬಿಡ್ತೀನಿ ಅನ್ನೋ ಭಯ. ಆ ಅಳು ಇದೆಯಲ್ಲ, ಅದು ಸಿನಿಮಾದೋರು ಕಟ್ಟಿದ್ದಲ್ಲ. ಅವತ್ತು ಬೆಳಗಿನ ಜಾವ ಅವನು ಗಾಡಿ ತಗೊಂಡು ನೇರ ನನ್ನ ಅಡುಗೆಮನೆಗೆ ಬಂದ. 'ಅತ್ತುಬಿಟ್ಟೆ ಗಿಡ್ಡಿ, ಅಮ್ಮನ್ನ ಕೂಗಿದೆ' ಅಂದ. ಅಮ್ಮ ತೀರಿಕೊಂಡು ವರ್ಷ ಕಳೆದಿರಲಿಲ್ಲ. 'ಯಾರಿಗೂ ಹೇಳ್ಬೇಡ' ಅಂದ. ಹೇಳ್ಲಿಲ್ಲ. ನನ್ನ ಗಂಡನಿಗೂ ಹೇಳ್ಲಿಲ್ಲ. ಅಷ್ಟು ವರ್ಷ ಅವನನ್ನ ಅಣಕಿಸಿದೆ, ಒಂದು ಸಲಾನೂ ಅದನ್ನ ಸೇರಿಸ್ಲಿಲ್ಲ."

"ಆ ಭಾನುವಾರ ಸೇರಿಸಿದ್ರಿ."

"ವೈನು ಕುಡಿದಿದ್ದೆ ಅಂತ ಹೇಳ್ಬಹುದು. ಅದಲ್ಲ. ಆ ಹುಡುಗ ಅಷ್ಟು ಚೆನ್ನಾಗಿ ಕೇಳಿಸ್ಕೊಳ್ತಿದ್ದ, ನಗ್ತಿದ್ದ. ನನ್ನ ಹತ್ರ ಇರೋದ್ರಲ್ಲಿ ಒಳ್ಳೇದು ಕೊಡೋಣ ಅನ್ನಿಸ್ತು."

ಅವಳ ಪರಿಸ್ಥಿತಿ ನನಗೆ ಆಗ ಅರ್ಥವಾಯಿತು. ಅರ್ಥವಾದಷ್ಟೂ ಅದಕ್ಕೆ ಬಾಗಿಲಿಲ್ಲವೆಂದು ಕಂಡಿತು. ಆ ದೃಶ್ಯವೇ ಚಿತ್ರದ ಜೀವ. ಅದು ಅತ್ಯುತ್ತಮ ದೃಶ್ಯವೆಂದರೆ ಅಣ್ಣನ ಗಾಯದ ಮೇಲೆ ಊರಿನ ಮುದ್ರೆ ಒತ್ತಿದಂತೆ. ಕೆಟ್ಟದೆಂದರೆ ಸುಳ್ಳು, ತೀರ್ಪಿನಲ್ಲಿ ಅವಳು ಸುಳ್ಳು ಹೇಳಿದ್ದನ್ನು ಊರು ಕೇಳಿರಲಿಲ್ಲ. ಅಲ್ಲದೆ ಎಲ್ಲರೂ ಮೆಚ್ಚಿದ್ದನ್ನು ಅವಳು ತೆಗಳಿದರೆ ಯಾಕೆಂದು ಕೇಳುತ್ತಾರೆ. ಕಾರಣ ಹೇಳಿದರೆ, ಇಲ್ಲಿಯವರೆಗೆ ಸಿನಿಮಾದವರ ಕಲ್ಪನೆಯೆಂದು ನಗುತ್ತಿರುವವರು ಇನ್ನು ಮುಂದೆ ಡೆಲ್ಫೋರನನ್ನು ನೋಡಿ ನಗುತ್ತಾರೆ. ನಮ್ಮೂರಿನಲ್ಲಿ ಅಡ್ಡಹೆಸರು ಒಮ್ಮೆ ಅಂಟಿದರೆ ಸಮಾಧಿಯ ಕಲ್ಲಿನವರೆಗೂ ಬರುತ್ತದೆ.

"ಈ ವಾರ ಕಾರ್ಯಕ್ರಮ ಬಿಡಿ. ಗಂಟಲು ಕೆಟ್ಟಿದೆ ಅಂತ ನಾನೇ ಹೇಳ್ತೀನಿ."

"ಆಗ ಬೆತಿ ಮಾಯಾನೋ ಬಂದು ಮೈಕು ಹಿಡೀತಾಳೆ. ಅವಳು ಆ ಅಳೂನ ಅರ್ಧ ಗಂಟೆ ಅತ್ತು ತೋರಿಸ್ತಾಳೆ."

ಬೆತಿ ಮಾಯಾನೋ ಪ್ರವಾಸಿಗರ ವಸತಿಗೃಹದ ಒಡತಿ. ಶುಕ್ರವಾರ ದೂರವಾಣಿ ತೆರೆದ ಕೂಡಲೇ ಮೊದಲು ಬರುವ ಕರೆ ಅವಳದೇ. ಸುಲ್ಮಾ ಹೇಳಿದ್ದು ನಿಜವಾಗಿತ್ತು. ನಾನು ಗುಂಡಿ ಮರೆತು ಹೊರಟೆ.

ಆ ವಾರ ಅವಳು ಚಿತ್ರವನ್ನು ಮತ್ತೆ ಮತ್ತೆ ನೋಡಿದಳು. ಒಮ್ಮೆ ಹಿಂದಿನ ಸಾಲಿನಲ್ಲಿ. ಇನ್ನೊಮ್ಮೆ ಹಳೆಯ ಕಾಲದಂತೆ ಮುಂದೆ ಗೋಡೆಗೊರಗಿ ನಿಂತು, ಜನರ ಮುಖ ನೋಡುತ್ತ. ಗುರುವಾರ ನನ್ನನ್ನೂ ಕರೆದೊಯ್ದಳು. ಕತ್ತಲಲ್ಲಿ ಅವಳ ಕಾಲು ನೆಲಕ್ಕೆ ತಾಳ ಹಾಕುತ್ತಲೇ ಇತ್ತು. ಫ್ಲಾಸ್ಕಿನ ಮುಚ್ಚಳ ತಿರುಗಿಸುವುದು, ಮುಚ್ಚುವುದು.

ದೋಷಗಳು ಸಿಕ್ಕವು. ಹಣ ಎಲ್ಲಿ ಹೆಚ್ಚು ಸುರಿದಿದೆಯೋ ಅಲ್ಲೇ ನಗೆ ಬತ್ತುತ್ತಿತ್ತು. ಹಡಗಿನ ಒಳಾಂಗಣ ಎಷ್ಟು ಸೊಗಸಾಗಿತ್ತೆಂದರೆ ಅದರೊಳಗೆ ಯಾರು ಏನಂದರೂ ಜನ ಗೋಡೆ ನೋಡುತ್ತಿದ್ದರು. "ಮದುವೆಮನೇಲಿ ಚಪ್ಪರ ಜೋರಾದ್ರೆ ಮದುಮಗಳನ್ನ ಯಾರೂ ನೋಡಲ್ಲ" ಎಂದು ಅವಳು ಗೊಣಗಿದಳು. ಅದೇ, ನಿಯೋಗದವರು ಇಳಿಯುವ ಪರವಾನಗಿಗಾಗಿ ಪುರಸಭೆಯ ಮುಂದೆ ಸಾಲು ನಿಂತು, "ನಿದ್ದೆ ಹೊತ್ತು ಕಳೆದ ಮೇಲೆ ಬನ್ನಿ" ಎಂದು ಹೇಳಿಸಿಕೊಂಡು, ತಮ್ಮ ನಕ್ಷತ್ರಹಡಗಿನ ನೆರಳಲ್ಲಿ ಬೆಂಚಿನ ಮೇಲೆ ಕುಳಿತು ಕಾಯುವುದಕ್ಕೆ ಏನೂ ಖರ್ಚಾಗಿರಲಿಲ್ಲ. ಅಲ್ಲಿ ಮಾತ್ರ ಪ್ರತಿ ಆಟದಲ್ಲೂ ಜನ ನಕ್ಕರು. ಕೊನೆಯ ಯುದ್ಧ ಅನವಶ್ಯಕ. ವಿಜ್ಞಾನ ಅಲ್ಲಲ್ಲಿ ನಾಚಿಕೆಗೇಡು. ಆದರೆ ಹೊರಗ್ರಹದವರನ್ನು ಕುರಿತ ಕಥೆಯಲ್ಲಿ ನಾನು ಹುಡುಕುವುದು ಒಂದೇ: ನಮ್ಮನ್ನು ಎಂದೂ ನೋಡಿರದ ಕಣ್ಣಿಗೆ ನಾವು ಹೇಗೆ ಕಾಣುತ್ತೇವೆ? ಆ ಪ್ರಶ್ನೆಗೆ ಚಿತ್ರದಲ್ಲಿ ಒಂದೇ ಕಡೆ ಉತ್ತರವಿತ್ತು, ಬೆಳ್ಳಿ ಬಟ್ಟಲಿನ ಆ ಹನಿಯಲ್ಲಿ. ಅದು ಬಂದಾಗ ಸುಲ್ಮಾ ಎದ್ದು ಹೊರಗೆ ಹೋದಳು. ನಾನೂ ಹಿಂದೆಯೇ ಹೋದೆ.

"ಯಾವ ಕುರ್ಚೀಲಿ ಕೂತು ನೋಡಿದ್ರೂ ಅದು ಚೆನ್ನಾಗೇ ಇದೆ" ಎಂದಳು. ಎದುರಿಗೆ ಬೇಕರಿಯ ಮುಂದೆ ಸಂಜೆಯ ಸಾಲು ನಿಂತಿತ್ತು. ಗಾಜಿನ ಹಿಂದೆ ಡೆಲ್ಫೋರ್ ಬ್ರೆಡ್ಡು ಸುತ್ತಿ ಕೊಡುತ್ತಿದ್ದ. ಸಾಲಿನಲ್ಲಿದ್ದ ಒಬ್ಬ ಪ್ರವಾಸಿ ಅವನ ಕಡೆ ಕಣ್ಣು ಹಿಂಡಿ ತೋರಿಸಿ ನಕ್ಕ. ಡೆಲ್ಫೋರ್ ಅವನಿಗೆ ಚಿಲ್ಲರೆ ಎಣಿಸಿ ಕೊಟ್ಟ.

ಶುಕ್ರವಾರ ಅವಳು ಬೇಗ ಬಂದಳು. ಹಾಳೆಯಿಲ್ಲ, ಅವಳು ಎಂದೂ ಬರೆದುಕೊಂಡು ಬಂದವಳಲ್ಲ. ಪ್ರಸಾರದ ಕೆಂಪು ದೀಪ ಹತ್ತಿತು.

ಅಷ್ಟು ಚೆನ್ನಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಚಪ್ಪರ ಮತ್ತು ಮದುಮಗಳ ಮಾತು ಹೇಳಿದಳು. ಬೆಂಚಿನ ಮೇಲೆ ಕಾಯುವ ನಿಯೋಗವನ್ನು ದನಿಯಲ್ಲೇ ನಟಿಸಿದಳು. ಕೆಳಗೆ ಔಷಧಿ ಅಂಗಡಿಯಲ್ಲಿ ಯಾರೋ ನಕ್ಕದ್ದು ನೆಲದ ಮೂಲಕ ಕೇಳಿಸಿತು. ಯುದ್ಧ ಶುರುವಾದ ಮೇಲೆ ಎಲೆ ಸಪ್ಪೆಯಾಯಿತು ಎಂದಳು. "ಆದ್ರೂ ಒಳ್ಳೇ ಸಿನಿಮಾ. ಹೋಗಿ ನೋಡಿ. ನಾನು ಸುಳ್ಳು ಹೇಳಲ್ಲ." ಬೇಕರಿಯವನ ಪಾತ್ರದ ಹೆಸರೆತ್ತಲಿಲ್ಲ. ಹಾಗೆ ಅವಳು ಕೊನೆಯ ರೂಢಿಯ ಹತ್ತಿರ ಬಂದಳು.

"ಇನ್ನು ಅತ್ಯುತ್ತಮ ದೃಶ್ಯ" ಎಂದಳು. ಮಾತು ಅಲ್ಲೇ ನಿಲ್ಲಿಸಿದಳು.

ಬಾನುಲಿಯಲ್ಲಿ ಮೌನ ಎಂಬುದು ಬರಿಯ ಮೌನವಲ್ಲ. ಯಂತ್ರ ಕೆಟ್ಟಿದೆಯೋ ಎಂದು ಊರು ರೇಡಿಯೊ ತಟ್ಟಲು ಶುರುಮಾಡುತ್ತದೆ. ನನ್ನ ಕೈ ಹಾಡಿನ ಗುಬುಟಿನತ್ತ ಹೋಯಿತು. ಅವಳು ತಲೆಯಾಡಿಸಿ ಬೇಡವೆಂದಳು.

"ಈ ಸಲ ಹೇಳಲ್ಲ" ಎಂದಳು. "ಗೊತ್ತಿದೆ, ಹೇಳಲ್ಲ. ಕಾರಣ ಕೇಳ್ಬೇಡಿ. ದೂರವಾಣಿ ತೆಗೀರಿ ಮೇಷ್ಟ್ರೇ."

ಮೊದಲ ಕರೆ ನಿರೀಕ್ಷೆಯಂತೆ ಬೆತಿ ಮಾಯಾನೋಳದು.

"ಇದೇನು ದೋನ್ಯಾ ಸುಲ್ಮಾ, ಊಟ ಬಡಿಸಿ ಉಪ್ಪು ಬಚ್ಚಿಟ್ರಿ. ಹೇಳೋದಕ್ಕೇನು, ಎಳೇ ಮಗುವಿಗೂ ಗೊತ್ತು. ಅಳೋ ದೃಶ್ಯ."

"ಇರಬಹುದು ಬೆತಿ. ಬೇರೇನಾದ್ರೂ ಹೇಳಿ."

"ಬೇರೇನು? ನನ್ನ ಅತಿಥಿಗಳೆಲ್ಲ ಬೆಳಗಿನ ತಿಂಡೀಲಿ ಅದನ್ನೇ ಮಾಡಿ ತೋರಿಸ್ತಿದಾರೆ. ಆ ಸಿನಿಮಾದೋರ ತಲೆ ನೋಡಿ, ಎಲ್ಲಿಂದ ತಂದ್ರೋ. ನಿಮ್ಮಣ್ಣ ಎಲ್ಲಿ ಅಳ್ತಾನೆ, ಅವನು ಹಿಟ್ಟಿನ ಮೂಟೆ ಇದ್ದ ಹಾಗೆ. ಮೇಲಿಂದ ಬೀಳಿಸಿದ್ರೂ ಪುಸ್ ಅನ್ನುತ್ತೆ ಅಷ್ಟೇ."

ಸುಲ್ಮಾ ಬಾಯಿ ತೆರೆದಳು. ಏನು ಹೇಳಲಿದ್ದಳೋ ತಿಳಿಯದು; ಎರಡನೆಯ ಕರೆಯ ದೀಪ ಮಿನುಗಿತು. ಬೆತಿಗೆ ವಂದನೆ ಹೇಳಿ ನಾನು ಅದನ್ನು ಒತ್ತಿದೆ.

"ನಾನು ಡೆಲ್ಫೋರ್ ಲುದುವೇನ್ಯಾ. ಬೇಕರಿಯಿಂದ." ಊರಿಗೆ ಪರಿಚಯವೇ ಇಲ್ಲದವನಂತೆ ಹೇಳಿದ. ಹಿಂದೆ ಒಲೆಯ ಬಾಗಿಲು ಮುಚ್ಚಿದ ಸದ್ದು. "ಆ ದೃಶ್ಯದಲ್ಲಿ ಒಂದು ತಪ್ಪಿದೆ."

"ಕರಿಯಾ" ಎಂದಳು ಸುಲ್ಮಾ. "ಬೇಡ. ನೀನು ಏನೂ ಹೇಳ್ಬೇಕಾಗಿಲ್ಲ."

"ತಪ್ಪು ತಪ್ಪೇ ಅಲ್ವಾ. ಸಿನಿಮಾದಲ್ಲಿ ಬೆಳಕು ಇರುವಾಗ ಅವನು ಅಳ್ತಾನೆ. ಹಾಗಾಗ್ಲಿಲ್ಲ. ಬೆಳಕು ಇರೋವರೆಗೂ ನಾನು ಅಳ್ಲಿಲ್ಲ. ಹೋದ ಮೇಲೆ ಅತ್ತೆ."

ಕಿಟಕಿಯಾಚೆ ಚೌಕದ ಮನೆಗಳಲ್ಲಿ ಚಮಚಗಳು ತಟ್ಟೆಯ ಮೇಲೆ ನಿಂತಿರಬೇಕೆಂದು ನಾನು ಊಹಿಸಿದೆ. ಆದರೆ ಊಹೆ ಊಹೆಯೇ.

"ನನಗೆ ಗೊತ್ತಿರ್ಲಿಲ್ಲ" ಎಂದಳು ಅವಳು, ಮೈಕು ಇರುವುದನ್ನೇ ಮರೆತವಳಂತೆ. "ಹೆದರಿ ಅತ್ತೆ ಅಂತಾನೇ ಇಷ್ಟು ವರ್ಷ ಅಂದ್ಕೊಂಡಿದ್ದೆ."

"ನೀನು ಕೇಳ್ಲೇ ಇಲ್ಲ ಗಿಡ್ಡಿ. ನಾನು ಅತ್ತೆ ಅಂದೆ. ನೀನು ಎದ್ದು ನೀರು ಕಾಯೋಕ್ಕಿಟ್ಟೆ."

"ಯಾಕೆ ಅತ್ತೆ ಮತ್ತೆ? ಹೋದ ಮೇಲೆ ಯಾಕೆ?"

"ಅದು ಸಿನಿಮಾದ ವಿಷಯ ಅಲ್ಲ" ಎಂದು ಅವನು ಫೋನು ಇಟ್ಟ.

ಕಾರ್ಯಕ್ರಮಕ್ಕೆ ಇನ್ನೂ ಸಮಯವಿತ್ತು. ಸುಲ್ಮಾ ಕಿವಿಯ ಮೇಲಿನ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಳು, ಫ್ಲಾಸ್ಕನ್ನು ಅಲ್ಲೇ ಬಿಟ್ಟಳು, ಎದ್ದು ಹೋದಳು. ನಾನು ಯಾವುದೋ ಹಾಡು ಹಾಕಿದೆ, ಯಾವುದೆಂದು ನೆನಪಿಲ್ಲ. ಒಂದರ ಹಿಂದೊಂದು ದೀಪಗಳು ಮಿನುಗತೊಡಗಿದವು. ಊರಿಗೆ ಏನೋ ಹೇಳಬೇಕಿತ್ತು, ಬಹುಶಃ ಅಡ್ಡಹೆಸರೊಂದು ಆಗಲೇ ಸಿದ್ಧವಾಗಿತ್ತು. ಅಥವಾ ಯಾರಿಗೋ ತಮ್ಮದೂ ಒಂದು ಬೆಳಕಿನ ಮಾತಿತ್ತು. ನಾನು ಎತ್ತಲಿಲ್ಲ.

ಕಿಟಕಿಯಿಂದ ಚೌಕ ಪೂರ್ತಿ ಕಾಣುತ್ತದೆ. ಬಿಸಿಲಿಗೆ ನಾಯಿಗಳು ಬೆಂಚಿನಡಿ ಸೇರಿದ್ದವು. ಅವಳು ಓಡಲಿಲ್ಲ, ಆದರೆ ನಡುವಿನ ಹುಲ್ಲು ತುಳಿದುಕೊಂಡೇ ಹೋದಳು; ಎಂದೂ ಸುತ್ತುಹಾಕಿ ಹೋಗುವವಳು. ಬೇಕರಿಯ ಮುಂಬಾಗಿಲ ಪರದೆ ಇಳಿದಿತ್ತು. ಪಕ್ಕದ ಬಾಗಿಲು ತಟ್ಟಿದಳು. ತಡವಾಗಿ ತೆರೆಯಿತು. ಡೆಲ್ಫೋರ್ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಚೌಕಟ್ಟಿನಲ್ಲಿ ನಿಂತ. ಒಳಗೆ ಕರೆಯಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. ಅವಳು ಏನೋ ಕೇಳಿದಳು. ಅವನು ಬೆಟ್ಟದ ಕಡೆ ನೋಡಿದ, ನೆಲದ ಕಡೆ ನೋಡಿದ. ಒಳಗೆ ಹೋಗಿ ಒಂದು ಕುರ್ಚಿ ತಂದು ಹೊರಗೆ ನೆರಳಲ್ಲಿ ಇಟ್ಟ. ಒಂದೇ.

ಅವಳು ಕೂರಲಿಲ್ಲ. ಕುರ್ಚಿಯ ಈ ಕಡೆ ಅವಳು, ಆ ಕಡೆ ಅವನು. ಅವನು ಮಾತಾಡುತ್ತಿದ್ದ. ನಾನು ಬಲ್ಲಷ್ಟು ವರ್ಷಗಳಲ್ಲಿ ಅವನು ಅಷ್ಟು ಹೊತ್ತು ಮಾತಾಡಿದ್ದನ್ನು ಕಂಡಿರಲಿಲ್ಲ. ಅವಳ ಕೈಗಳು ಎರಡು ಸಲ ಮೇಲೆದ್ದವು, ಏನನ್ನೋ ಹೇಳಲು ಹೊರಟಂತೆ; ಎರಡು ಸಲವೂ ತಾವಾಗಿ ಕೆಳಗಿಳಿದವು. ನಮ್ಮ ನಡುವೆ ಇಡೀ ಚೌಕವಿತ್ತು, ಮುಚ್ಚಿದ ಗಾಜಿತ್ತು. ಅವನ ತುಟಿಗಳು ಅಲುಗುವುದಷ್ಟೇ ಕಾಣುತ್ತಿತ್ತು. ನಾನು ಕಿಟಕಿಗೆ ಬೆನ್ನು ತಿರುಗಿಸಿ, ಹಾಡು ಮುಗಿಯುವುದರೊಳಗೆ ಇನ್ನೊಂದನ್ನು ಹುಡುಕತೊಡಗಿದೆ.